ಏಳು ಬೀಜದ ಊರು

ಬೆಳಿಗ್ಗೆ ಕಣದಲ್ಲಿ ಕಾಫಿ ಹರವುತ್ತಾ ಯೆಮೆನ್ ಸುದ್ದಿ ಕೇಳುತ್ತಿದ್ದೆ. ಮತ್ತೆ ಯುದ್ಧ ಶುರುವಾದರೆ ಅಂತ ಅಲ್ಲಿನವರಿಗೆ ಭಯ. ಬಾಬಾ ಬುಡನ್ ನಮ್ಮ ಚಿಕ್ಕಮಗಳೂರಿನ ಗಿರಿಗೆ ಏಳು ಕಾಫಿ ಬೀಜ ತಂದಿದ್ದು ಅಲ್ಲಿನ ಮೋಖಾ ಬಂದರಿನಿಂದ ಅಂತಾರೆ, ಅಲ್ವಾ?

1990ರಲ್ಲಿ ಉತ್ತರ, ದಕ್ಷಿಣ ಯೆಮೆನ್ ಒಂದಾದವು. ನಾಲ್ಕೇ ವರ್ಷಕ್ಕೆ ಹೊಡೆದಾಡಿಕೊಂಡವು. 2014ರಲ್ಲಿ ಹೌತಿ ಬಂಡುಕೋರರು ರಾಜಧಾನಿ ಸನಾ ಹಿಡಿದರು. 2022ರ ಏಪ್ರಿಲ್‌ನಲ್ಲಿ ಕದನವಿರಾಮ ಆಯಿತು, ಅಕ್ಟೋಬರ್‌ಗೆ ಅದರ ಅವಧಿಯೂ ಮುಗಿಯಿತು. ಮುಂದುವರಿಸೋಕೆ ಯಾರೂ ಸಹಿ ಹಾಕಲಿಲ್ಲ. ಆದರೂ ದೊಡ್ಡ ಯುದ್ಧ ಆಗ ಮರಳಲಿಲ್ಲ. ಕಾಗದವೇ ಇಲ್ಲದ ಶಾಂತಿ!

"ಮೋಡ ಆಗ್ತಿದೆ, ಟಾರ್ಪಾಲ್ ಎಳಿಯೋ" ಅಂತ ಅಮ್ಮ ಕೂಗಿದರು. ಎಳೆದು, ನಾಲ್ಕು ಮೂಲೆಗೂ ಕಲ್ಲಿಟ್ಟೆ. ಮಳೆ ಬರಲಿಲ್ಲ. ಮಧ್ಯಾಹ್ನ ಬಿಸಿಲು ಬಂದರೂ ತೆಗೆಯೋಕೆ ಧೈರ್ಯ ಸಾಲಲಿಲ್ಲ.