ಭಾವನ ಎಂಟ್ರಿಗೆ ಕೆಜಿಎಫ್ ಬೇಕಂತೆ

ನಮ್ಮ ಮನೆಯಲ್ಲಿ ಸಿನಿಮಾ ಸಂಗೀತ ಅಂದರೆ ಹಾಡು. ಹಾಡು ಮುಗಿದರೆ ಸಂಗೀತವೂ ಮುಗಿದ ಹಾಗೆ. ಅಮ್ಮನಿಗೆ ರಾಜನ್-ನಾಗೇಂದ್ರ, ಅಪ್ಪನಿಗೆ ಹಂಸಲೇಖ. ಎರಡು ಹಾಡುಗಳ ನಡುವೆಯೂ ಯಾರೋ ಕೂತು ಪಿಟೀಲು ಬಾರಿಸಿರುತ್ತಾರೆ ಅನ್ನೋದು ಇಬ್ಬರ ಲೆಕ್ಕಕ್ಕೂ ಬಂದಿಲ್ಲ. ನನ್ನ ಫೋನಿನಲ್ಲಿ ಇರೋದು ಬರೀ ಆ ನಡುವಿನ ಸರಕು. ನಾನು ಸ್ಪೀಕರಿಗೆ ಹಾಕಿಕೊಂಡು ಕೇಳುತ್ತಿದ್ದರೆ ಅಮ್ಮ ಅಡುಗೆಮನೆಯಿಂದ, 'ಅದೇನೇ, ಹಾಡೋರು ಇನ್ನೂ ಬಂದೇ ಇಲ್ವಾ?' ಅಂತಾಳೆ.

ಈ ಹುಚ್ಚಿಗೆ ಅರ್ಧ ಕಾರಣ ನಮ್ಮೂರು. ಭದ್ರಾವತಿ ಅಂದರೆ ಹಿಂದೆ ಎಲ್ಲರಿಗೂ ನೆನಪಾಗುತ್ತಿದ್ದದ್ದು ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ. ನನ್ನ ವಾರಿಗೆಯವರಿಗೆ ಹೇಳಿಕೊಳ್ಳೋಕೆ ಸಂಗೀತ ನಿರ್ದೇಶಕ ಅಜನೀಶ್ ಲೋಕನಾಥ್ ಇದ್ದಾರೆ. ಅವರ ಸಂಗೀತದ 'ಉಳಿದವರು ಕಂಡಂತೆ' 2014ರಲ್ಲಿ ಬಂದಾಗ ನಾನು ಚಿಕ್ಕವಳು, ಥಿಯೇಟರಿಗೆ ಕರೆದುಕೊಂಡು ಹೋಗಲಿಲ್ಲ. ಎಷ್ಟೋ ವರ್ಷ ಆದಮೇಲೆ ಫೋನಿನಲ್ಲಿ ಇಯರ್‌ಫೋನ್ ಹಾಕಿಕೊಂಡು ನೋಡಿದೆ. ಕತೆ ಮೊದಲ ಸಲಕ್ಕೆ ಪೂರ್ತಿ ತಲೆಗೆ ಹೋಗಲಿಲ್ಲ, ಹುಲಿವೇಷದ ತಾಸೆ ಮಾತ್ರ ವಾರಗಟ್ಟಲೆ ಕಿವಿಯಲ್ಲಿ ಇತ್ತು. 2022ರಲ್ಲಿ ಅವರದೇ ಸಂಗೀತದ 'ಕಾಂತಾರ' ನೋಡುವಾಗ ಕೊನೆಯ ಆ ಕೂಗಿಗೆ ನನ್ನ ಪಕ್ಕದಲ್ಲಿ ಕೂತಿದ್ದ ಯಜಮಾನರು ಪಾಪ್‌ಕಾರ್ನ್ ಡಬ್ಬಿಯನ್ನು ತೊಡೆಯ ಮೇಲಿಟ್ಟು ಕೈಮುಗಿದರು. ಅವತ್ತಿನಿಂದ ಮನೆಯಲ್ಲಿ ನನಗೆ 'ಬಿಜಿಎಂ', ಅಂದರೆ ಹಿನ್ನೆಲೆ ಸಂಗೀತ, ಅಂತಲೇ ಹೆಸರು.

ಹೀಗಿರುವಾಗ ದೊಡ್ಡಪ್ಪನ ಮಗಳ ಮದುವೆ ಆಯಿತು. ಮದುವೆ ವಿಡಿಯೊದ ಹೈಲೈಟ್ಸ್‌ಗೆ ಮ್ಯೂಸಿಕ್ ಹಾಕಿಸುವ ಜವಾಬ್ದಾರಿ, ಕೇಳದೆಯೇ, ನನ್ನ ತಲೆಗೆ ಬಂತು. 'ನಿನಗೆ ಅದೇ ಕೆಲಸ ತಾನೇ, ಹೋಗಿ ಕೂತ್ಕೊ,' ಅಂದರು ದೊಡ್ಡಪ್ಪ. ಹೊಸಮನೆ ಕಡೆ ಒಂದು ಮೊಬೈಲ್ ಅಂಗಡಿಯ ಮಹಡಿ ಮೇಲೆ ಎಡಿಟಿಂಗ್ ರೂಮು. ಕಿಟಕಿಗೆ ಕಪ್ಪು ರಟ್ಟು, ಮೂಲೆಯಲ್ಲಿ ಚಾರ್ಜಿಗೆ ಹಾಕಿದ ಕ್ಯಾಮೆರಾ ಬ್ಯಾಟರಿಗಳು, ಎಡಿಟರ್ ಅಣ್ಣನ ಪಕ್ಕದಲ್ಲಿ ಅರ್ಧ ಕುಡಿದ ಬಾದಾಮಿ ಹಾಲು. ನನಗಿಂತ ನಾಲ್ಕೈದು ವರ್ಷ ದೊಡ್ಡವರು ಇರಬಹುದು, ಆದರೂ ಮೊದಲಿಂದ ಕೊನೆಯವರೆಗೂ ನನ್ನನ್ನು 'ಸಿಸ್ಟರ್' ಅಂತಲೇ ಕರೆದರು.

ಅವರ ಕಂಪ್ಯೂಟರಿನಲ್ಲಿ ಮ್ಯೂಸಿಕ್‌ಗೆ ಅಂತಲೇ ಒಂದಷ್ಟು ಫೋಲ್ಡರ್. 'ಎಂಟ್ರಿ', 'ತಾಳಿ', 'ಫ್ಯಾಮಿಲಿ', 'ಡ್ರೋನ್', 'ಅಳು'. ಕನ್ನಡದ ಎಲ್ಲ ಸಂಗೀತ ನಿರ್ದೇಶಕರ ಜೀವಮಾನದ ದುಡಿಮೆ ಈ ಐದು ಡಬ್ಬಿಗಳಲ್ಲಿ ಕೂತಿತ್ತು. 'ಎಂಟ್ರಿ'ಯಲ್ಲಿ ಕೆಜಿಎಫ್‌ಗೆ ಸಂಗೀತ ಕೊಟ್ಟ ರವಿ ಬಸ್ರೂರು ಒಬ್ಬರದೇ ರಾಜ್ಯ. 'ಅಳು' ಫೋಲ್ಡರಿನ ಮುಕ್ಕಾಲು ಪಾಲು ಇಳಯರಾಜ. ಹೆಚ್ಚುಕಮ್ಮಿ ಸರಿಯಾಗೇ ಹಂಚಿದ್ದಾರೆ ಅಂತ ಒಳಗೊಳಗೇ ಒಪ್ಪಿಕೊಂಡೆ, ಬಾಯಿಬಿಟ್ಟು ಹೇಳಲಿಲ್ಲ.

'ನಮ್ಮ ಹತ್ರ ಟೆಂಪ್ಲೇಟ್ ಇದೆ ಸಿಸ್ಟರ್. ಕ್ಲಿಪ್ ಹಾಕಿದ್ರೆ ಸಾಕು, ಬೀಟ್‌ಗೆ ತಾನೇ ಕಟ್ ಆಗುತ್ತೆ,' ಅಂತ ಮೊದಲು ಭಾವ ಕಾರಿನಿಂದ ಇಳಿಯುವ ದೃಶ್ಯ ತೋರಿಸಿದರು. ನಮ್ಮ ಭಾವ ಸಹಕಾರ ಸಂಘದಲ್ಲಿ ಕೆಲಸ ಮಾಡುವ ಮೃದು ಮನುಷ್ಯ. ಮೈಸೂರು ಪೇಟ, ರೇಷ್ಮೆ ಪಂಚೆ. ಕಾರಿನಿಂದ ಇಳಿದು ನಾಲ್ಕು ಹೆಜ್ಜೆ ಇಟ್ಟಾಗ ಶಲ್ಯ ಬಾಗಿಲಿಗೆ ಸಿಕ್ಕಿ ಹಿಂದಕ್ಕೆ ಎಳೆಯುತ್ತದೆ, ಅವರು ನಾಚಿಕೊಂಡು ನಗುತ್ತಾರೆ. ಅಷ್ಟೂ ಸ್ಲೋಮೋಷನ್‌ನಲ್ಲಿ. ಹಿಂದೆ ಕೆಜಿಎಫ್‌ನ ಗಂಡಸರ ಕೋರಸ್, ಗುಡುಗು, ಕಬ್ಬಿಣದ ಮೇಲೆ ಸುತ್ತಿಗೆ ಬಿದ್ದ ಹಾಗೆ ತಾಳ. ಶಲ್ಯ ಸಿಕ್ಕಿಕೊಳ್ಳುವುದಕ್ಕೂ ಆ ದೊಡ್ಡ ಪೆಟ್ಟು ಬೀಳುವುದಕ್ಕೂ ಸರಿಹೋಗಿತ್ತು.

ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಎಡಿಟರ್ ಅಣ್ಣನ ಮುಖ ಸಣ್ಣಗಾಯಿತು.

ನನಗೆ ಕೆಜಿಎಫ್ ಸಂಗೀತದ ಮೇಲೆ ಕೋಪ ಇಲ್ಲ. 2018ರ ಡಿಸೆಂಬರಿನಲ್ಲಿ ಅದನ್ನು ಥಿಯೇಟರಿನಲ್ಲಿ ಕೇಳಿದವರು ಯಾರೂ ಮರೆಯೋದಿಲ್ಲ. ಕುಂದಾಪುರದ ಹತ್ತಿರದ ಬಸ್ರೂರಿನಿಂದ ಬಂದ ಆ ಮನುಷ್ಯ 'ಉಗ್ರಂ'ನಲ್ಲೇ ತಮ್ಮ ಕೈ ಎಂಥದು ಅಂತ ತೋರಿಸಿದ್ದರು. ಆದರೆ ಕೆಜಿಎಫ್‌ನ ಆ ಕೋರಸ್ ಬರೆದದ್ದು ನರಾಚಿಗೆ, ಸಾವಿರಾರು ಜನ ಧೂಳು ತಿನ್ನುತ್ತಾ ಸಾಯುವ ಗಣಿಗೆ. ಅದನ್ನು ಎತ್ತಿ ತಂದು ಭದ್ರಾವತಿಯ ಛತ್ರದ ಬಾಗಿಲಲ್ಲಿ ಇಟ್ಟರೆ ಸಂಗೀತದ ಜೊತೆ ನರಾಚಿಯೂ ಬರುತ್ತದೆ. ಭಾವನ ನಾಚಿಕೆ ಅದರಡಿ ಸಿಕ್ಕಿ ಅಪ್ಪಚ್ಚಿ.

ಹೀಗಂತ ಹೇಳಿದೆ. 'ಎಲ್ಲರೂ ಇದನ್ನೇ ಕೇಳ್ತಾರಲ್ಲ ಸಿಸ್ಟರ್,' ಅಂದರು. ಅದೂ ನಿಜವೇ.

ಮುಂದಿನದು ಕಾಲುಂಗುರ ತೊಡಿಸುವ ದೃಶ್ಯ. ಅದಕ್ಕೆ ಅವರು ಇಟ್ಟಿದ್ದು 'ಪಲ್ಲವಿ ಅನುಪಲ್ಲವಿ'ಯ ಆ ಗಿಟಾರ್. 1983ರ ಸಿನಿಮಾ, ಮಣಿರತ್ನಂ ಅವರ ಮೊದಲನೆಯದು, ಅದೂ ಕನ್ನಡದಲ್ಲಿ. ಇಳಯರಾಜ ಅವರ ಆ ತುಣುಕು ಕೇಳಿದರೆ ನನಗೆ ಈಗಲೂ ಊಟ ಬೇಡ. ತೊಂದರೆ ಏನಂದರೆ ಅದು ಆಮೇಲೆ ಒಂದು ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಬಂತು, ದೇಶಕ್ಕೆಲ್ಲ ರಿಂಗ್‌ಟೋನ್ ಆಯಿತು. ಸಿನಿಮಾ ನೋಡದವರಿಗೂ ಆ ರಾಗ ಬಾಯಿಪಾಠ. ಅಕ್ಕ ತಲೆ ತಗ್ಗಿಸಿ ಕೂತಿರುವಾಗ ನೆಂಟರಿಗೆ ಸಿಮ್ ಕಾರ್ಡ್ ನೆನಪಾಗಬಾರದು ಅಂತ ಅದನ್ನೂ ತೆಗೆಸಿದೆ. ಎದೆಯ ಮೇಲೆ ಕಲ್ಲಿಟ್ಟುಕೊಂಡು.

'ಹಾಗಾದ್ರೆ ಏನು ಹಾಕೋಣ ಹೇಳಿ,' ಅಂತ ಕುರ್ಚಿಗೆ ಒರಗಿದರು ಎಡಿಟರ್ ಅಣ್ಣ.

ಒಂದು ಪರೀಕ್ಷೆ ಮಾಡೋಣ ಅಂದೆ. ಅಜ್ಜಿಯದೊಂದು ಶಾಟ್ ಇತ್ತು. ಛತ್ರದ ಮೊದಲ ಸಾಲಿನಲ್ಲಿ ಕೂತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಾ ಎಲ್ಲೋ ನೋಡುತ್ತಿದ್ದಾಳೆ. ಅಷ್ಟೇ. 'ಅಳು' ಫೋಲ್ಡರಿನಿಂದ ಒಂದು ಪಿಟೀಲು ಹಾಕಿದರೆ ಅಜ್ಜಿ ಸತ್ತ ಅಜ್ಜನನ್ನು ನೆನೆಸಿಕೊಂಡು ಕೂತ ಹಾಗೆ ಕಂಡಳು. ಅದೇ ಶಾಟ್‌ಗೆ 'ಮಾಲ್ಗುಡಿ ಡೇಸ್' ಹಾಕಿದೆವು. ಅಜ್ಜಿ ಈಗ ಯಾರಿಗೋ ಕೀಟಲೆ ಮಾಡಲು ಹೊಂಚು ಹಾಕುತ್ತಿದ್ದಳು! 'ಎಂಟ್ರಿ' ಹಾಕಿದಾಗಂತೂ ಮುಂದಿನ ರೀಲಿನಲ್ಲಿ ಯಾರನ್ನೋ ಮುಗಿಸುತ್ತಾಳೆ ಅನ್ನಿಸಿ ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಎಡಿಟರ್ ಅಣ್ಣ ಮತ್ತೆ ಮತ್ತೆ ಹಾಕಿ ನೋಡಿದರು. ಅಜ್ಜಿಯ ಮುಖದಲ್ಲಿ ಒಂದು ಗೆರೆಯೂ ಬದಲಾಗಿರಲಿಲ್ಲ. (ಅಸಲಿಗೆ ಅಜ್ಜಿ ನೋಡುತ್ತಿದ್ದದ್ದು ಊಟದ ಹಾಲ್ ಬಾಗಿಲನ್ನು. ಮೊದಲ ಪಂಕ್ತಿ ಏಳುವುದನ್ನೇ ಕಾಯುತ್ತಿದ್ದಳು. ನಾನು ಪಕ್ಕದಲ್ಲೇ ಇದ್ದೆ.)

'ಮಾಲ್ಗುಡಿ ಇಳಯರಾಜ ಅವರದು ಅಲ್ವಾ?' ಅಂತ ಕೇಳಿದರು. ಎಲ್. ವೈದ್ಯನಾಥನ್ ಅಂದೆ. ಇಂಥ ಕಡೆ ನನ್ನ ಬಾಯಿ ನಿಲ್ಲೋದಿಲ್ಲ. ಪಿಟೀಲು ವಿದ್ವಾಂಸರಾದ ಎಲ್. ಸುಬ್ರಮಣ್ಯಂ, ಎಲ್. ಶಂಕರ್ ಅವರ ಅಣ್ಣ. ಇಳಯರಾಜ ಮೊದಲು ನಮ್ಮ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿದ್ದವರು ಅಂತ ಎಲ್ಲರಿಗೂ ಗೊತ್ತು, ವೈದ್ಯನಾಥನ್ ಕೂಡ ಅದೇ ಗರಡಿಯವರು. 'ಅಪರಿಚಿತ'ದ 'ಸವಿ ನೆನಪುಗಳು ಬೇಕು' ಇವರದೇ. ಶಂಕರನಾಗ್ ಆಗುಂಬೆಯಲ್ಲಿ ಮಾಲ್ಗುಡಿ ಕಟ್ಟಿದಾಗ ಆ 'ತಾನಾನ ತಾನನಾನ' ಕೊಟ್ಟವರೂ ಇವರು. ಆಗುಂಬೆ ನಮ್ಮ ಜಿಲ್ಲೆಯದೇ ಅಲ್ವಾ, ಆದ್ದರಿಂದ ಆ ರಾಗದ ಮೇಲೆ ನನಗೆ ಒಂಥರಾ ಹಕ್ಕಿದೆ ಅನ್ನುವ ಧಿಮಾಕು.

ಮಾತಿನ ಭರದಲ್ಲಿ 'ಪುಷ್ಪಕ ವಿಮಾನ'ಕ್ಕೂ ಹೋದೆ. 1987ರದು, ಸಿಂಗೀತಂ ಶ್ರೀನಿವಾಸರಾವ್ ಮಾಡಿದ್ದು, ಶೃಂಗಾರ್ ನಾಗರಾಜ್ ಅವರ ನಿರ್ಮಾಣ. ಒಂದು ಮಾತೂ ಇಲ್ಲದ ಸಿನಿಮಾ, ಸಂಗೀತ ಇದೇ ವೈದ್ಯನಾಥನ್. ಮದುವೆ ಹೈಲೈಟ್ಸ್ ಮಾಡುವವರೆಲ್ಲ ಅದನ್ನು ನೋಡಬೇಕು. ಇದೂ ಮಾತಿಲ್ಲದ ಸಿನಿಮಾ ತಾನೇ? ಅದರಲ್ಲಿ ಒಂದು ಪ್ರಸಂಗ ಇದೆ. ಬಡ ಹುಡುಗ ಕಮಲ್ ಹಾಸನ್ ಶ್ರೀಮಂತನ ಬದಲು ಬೆಂಗಳೂರಿನ ದೊಡ್ಡ ಹೋಟೆಲಿನಲ್ಲಿ ಇರುತ್ತಾನೆ. ಅಲ್ಲಿನ ನಿಶ್ಶಬ್ದಕ್ಕೆ ನಿದ್ದೆಯೇ ಬರೋದಿಲ್ಲ. ಕೊನೆಗೆ ತಾನಿದ್ದ ವಠಾರದ ಕಡೆ ಹೋಗಿ ಅಲ್ಲಿನ ಗದ್ದಲವನ್ನು ಟೇಪ್ ರೆಕಾರ್ಡರಿನಲ್ಲಿ ಹಿಡಿದು ತಂದು, ಅದನ್ನು ಹಾಕಿಕೊಂಡು ಗೊರಕೆ ಹೊಡೆಯುತ್ತಾನೆ.

ಇದನ್ನು ಹೇಳುತ್ತಿದ್ದಾಗಲೇ ಟೈಮ್‌ಲೈನ್‌ನಲ್ಲಿ ಧಾರೆಯ ಭಾಗ ಬಂತು. ನೋಡಿದರೆ ಕ್ಯಾಮೆರಾದ ಮೂಲ ಶಬ್ದವನ್ನು ಪೂರ್ತಿ ಮ್ಯೂಟ್ ಮಾಡಿದ್ದಾರೆ. ತಾಳಿ ಕಟ್ಟುವ ಹೊತ್ತಿಗೆ ಯಾವುದೋ ತೆಲುಗು ಸಿನಿಮಾದ ಕೊಳಲು.

'ಗಟ್ಟಿಮೇಳ ಎಲ್ಲಿ?' ಅಂದೆ.

'ಮೈಕ್ ಶಬ್ದ ಒಡೆದುಹೋಗಿದೆ ಸಿಸ್ಟರ್. ಕರ್ಕಶ.'

ಇಲ್ಲಿ ಮಾತ್ರ ನಾನು ಹಟ ಹಿಡಿದೆ. ಅವತ್ತು ಛತ್ರದಲ್ಲಿ ನಾನು ವಾಲಗದವರ ಹತ್ತಿರವೇ ನಿಂತಿದ್ದೆ, ಅವರನ್ನು ನೋಡೋದು ನನಗೆ ಮದುವೆ ನೋಡುವುದಕ್ಕಿಂತ ಇಷ್ಟ. ಧಾರೆಯ ಹೊತ್ತಿನಲ್ಲಿ ನಾದಸ್ವರದವರು ಸುಮ್ಮನೆ ಮೆಲ್ಲಗೆ ಏನೋ ನುಡಿಸುತ್ತಾ ಇರುತ್ತಾರೆ, ಕಣ್ಣು ಮಾತ್ರ ಪುರೋಹಿತರ ಬಲಗೈ ಮೇಲೆ. ಡೋಲಿನವರು ಬಾಯಲ್ಲಿ ಎಲೆಅಡಿಕೆ ಇದ್ದರೂ ಕೋಲು ಎತ್ತಿ ತಯಾರು. ಭಾವ ತಾಳಿ ಎತ್ತಿದರು. ಪುರೋಹಿತರು ಕೈ ಬೀಸಿ 'ಗಟ್ಟಿಮೇಳ, ಗಟ್ಟಿಮೇಳ!' ಅಂದದ್ದೇ ತಡ, ಅರ್ಧಕ್ಕೇ ರಾಗ ಬಿಟ್ಟು ಇಬ್ಬರೂ ಒಟ್ಟಿಗೆ ಮುಗಿಬಿದ್ದರು. ಆ ಗಳಿಗೆಯಲ್ಲಿ ಸೀನು, ಅಪಶಕುನದ ಮಾತು ಯಾವುದೂ ಕಿವಿಗೆ ಬೀಳಬಾರದು ಅಂತ ಹಿಂದಿನವರು ಮಾಡಿದ ಏರ್ಪಾಡು ಅದು. ಮೂರನೇ ಗಂಟು ಬೀಳುವವರೆಗೆ ಎಳೆದು, ಅಕ್ಷತೆ ಬೀಳುತ್ತಿದ್ದಂತೆ ಇಳಿಸಿದರು.

ಹಿಂದೆ ಮದ್ರಾಸಿನ ಸ್ಟುಡಿಯೊಗಳಲ್ಲಿ ರೀರೆಕಾರ್ಡಿಂಗ್, ಅಂದರೆ ಸಿನಿಮಾಕ್ಕೆ ಹಿನ್ನೆಲೆ ಸಂಗೀತ ಕೂಡಿಸುವ ಕೆಲಸ, ನಡೆಯುತ್ತಿದ್ದದ್ದೂ ಹೀಗೇ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ಪರದೆ ಮೇಲೆ ರೀಲು ಓಡುತ್ತಿರುತ್ತದೆ, ವಾದ್ಯದವರ ಮುಂದೆ ನೊಟೇಶನ್, ಎದುರಿಗೆ ಕಂಡಕ್ಟರ್ ಕೈ. ನಾಯಕಿ ಬಾಗಿಲು ತೆಗೆಯುವ ಕ್ಷಣಕ್ಕೆ ಸರಿಯಾಗಿ ಪಿಟೀಲು ಏರಬೇಕು. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ. ನಮ್ಮ ಛತ್ರದ ಇಬ್ಬರಿಗೆ ಎರಡನೇ ಟೇಕ್ ಕೂಡ ಇರಲಿಲ್ಲ. ಅಷ್ಟು ಕರಾರುವಾಕ್ಕಾಗಿ ಆ ದೃಶ್ಯಕ್ಕೆಂದೇ, ಆ ದೃಶ್ಯದಲ್ಲೇ ನುಡಿಸಿದ್ದನ್ನು ಮ್ಯೂಟ್ ಮಾಡಿ ಬೇರೆ ಯಾರದೋ ಪ್ರೇಮಭಂಗದ ಕೊಳಲು ಹಾಕುವುದು ಯಾವ ನ್ಯಾಯ?

ಎಡಿಟರ್ ಅಣ್ಣ ಒಪ್ಪಿದರೋ, ನನ್ನ ಕಾಟ ತಡೆಯಲಾರದೆ ಹೂಂ ಅಂದರೋ ಗೊತ್ತಿಲ್ಲ. ಒಡೆದ ಶಬ್ದವನ್ನಂತೂ ಹಾಕುವಂತಿರಲಿಲ್ಲ. ಫ್ಯಾಮಿಲಿ ಗ್ರೂಪಿನಲ್ಲಿ ಹುಡುಕಿದರೆ ಚಿಕ್ಕಪ್ಪ ತಮ್ಮ ಫೋನಿನಲ್ಲಿ ತೆಗೆದ ಒಂದು ವಿಡಿಯೊ ಸಿಕ್ಕಿತು. ಮಂಟಪದ ಮುಂದೆ ಜಾಗ ಸಿಗದೆ ಚಿಕ್ಕಪ್ಪ ಹಿಂದೆ ಕಂಬದ ಹತ್ತಿರ ನಿಂತಿದ್ದರು. ಚಿತ್ರದಲ್ಲಿ ಬರೀ ಬೇರೆಯವರ ತಲೆಗಳು, ಶಬ್ದ ಮಾತ್ರ ಚೊಕ್ಕ. ಅದನ್ನು ಎಳೆದು ಟ್ರ್ಯಾಕಿಗೆ ಹಾಕಿ, ಪುರೋಹಿತರ ಕೈ ಬೀಸಿದ ಫ್ರೇಮಿಗೂ ಡೋಲಿನ ಮೊದಲ ಪೆಟ್ಟಿಗೂ ಕೂಡಿಸಲು ಕೂತೆವು. ಒಂದೆರಡು ಫ್ರೇಮ್ ಆಚೀಚೆ ಆದರೂ ಏನೋ ಸುಳ್ಳು ಅನ್ನಿಸುತ್ತಿತ್ತು. ಪೆಟ್ಟು ಮುಂಚೆ ಬಂದರೆ ಪುರೋಹಿತರು ಬೆಚ್ಚಿಬಿದ್ದು ಕೈ ಎತ್ತಿದ ಹಾಗೆ, ತಡವಾದರೆ ವಾಲಗದವರು ನಿದ್ದೆ ಮಾಡುತ್ತಿದ್ದ ಹಾಗೆ. ಸರಿಯಾಗಿ ಕೂತಾಗ ಎಡಿಟರ್ ಅಣ್ಣ ಮೌಸ್ ಬಿಟ್ಟು, 'ಹಾಂ!' ಅಂದರು. ಮೇಳ ಇಳಿದಮೇಲೆ ಆ ಫೋನಿನ ಶಬ್ದದಲ್ಲಿ ಒಬ್ಬಾಕೆ 'ಮುಂದಿರೋರು ಕೂತ್ಕೊಳ್ರೀ, ಏನೂ ಕಾಣ್ತಿಲ್ಲ' ಅಂದದ್ದೂ ಇತ್ತು. ಕತ್ತರಿಸಲು ಹೋದರು, ಇರಲಿ ಬಿಡಿ ಅಂದೆ.

ಅಲ್ಲಿಂದ ಕೆಲಸ ಸಲೀಸಾಯಿತು. ಭಾವನ ಎಂಟ್ರಿಗೆ ದಿಬ್ಬಣದ ವಾಲಗವೇ ಸಿಕ್ಕಿತು. ಶಲ್ಯ ಸಿಕ್ಕಿಕೊಳ್ಳುವ ಕಡೆ ನಾದಸ್ವರದವರು ಉಸಿರು ತೆಗೆದುಕೊಳ್ಳಲು ನಿಂತಿದ್ದರು, ಆ ಸಣ್ಣ ಖಾಲಿಯಲ್ಲಿ ಭಾವನ ನಗು ಚೆನ್ನಾಗಿ ಕಂಡಿತು. ಅರಿಶಿನ ಶಾಸ್ತ್ರಕ್ಕೆ ಅಜ್ಜಿ ಮತ್ತು ಅವಳ ತಂಗಿ ಹೇಳಿದ ಸೋಬಾನೆ, ಇಬ್ಬರದೂ ಬೇರೆ ಬೇರೆ ಶ್ರುತಿ. ಡ್ರೋನ್ ಶಾಟ್‌ಗೆ ಮಾತ್ರ ಅವರ ಇಷ್ಟದ್ದೇ ಹಾಕಿಕೊಳ್ಳಲಿ ಅಂತ ಬಿಟ್ಟೆ. ಭದ್ರಾ ನದಿಯ ಮೇಲೆ ಹಾರುವ ಕ್ಯಾಮೆರಾಕ್ಕೆ ಏನು ಹಾಕಿದರೂ ನಡೆಯುತ್ತದೆ. ಹೆಣ್ಣು ಒಪ್ಪಿಸುವ ಕಡೆ ಏನೂ ಹಾಕಬೇಡಿ ಅಂದದ್ದಕ್ಕೆ, 'ಮ್ಯೂಸಿಕ್ ಇಲ್ದಿದ್ರೆ ಅಳು ಬರಲ್ಲ ಸಿಸ್ಟರ್' ಅಂದರು. ದೊಡ್ಡಪ್ಪ ಬಿಕ್ಕುವುದು ಕೇಳಿಸುತ್ತಿತ್ತು. ಅದಕ್ಕಿಂತ ಇನ್ನೇನು ಬೇಕಿತ್ತು?

ಸಾಯಂಕಾಲದ ಹೊತ್ತಿಗೆ ಭಾವನ ತಮ್ಮನ ಫೋನು. 'ನಮ್ಮಣ್ಣನ ಎಂಟ್ರಿಗೆ ಕೆಜಿಎಫ್ ಇದೆ ತಾನೇ? ನಾನು ಫ್ರೆಂಡ್ಸ್‌ಗೆಲ್ಲ ಹೇಳಿದ್ದೀನಿ.' ನಾನು ನರಾಚಿ, ಗಣಿ ಅಂತ ಶುರು ಮಾಡಿದೆ. 'ಅದೆಲ್ಲ ಗೊತ್ತಿಲ್ಲ, ಕೆಜಿಎಫ್ ಇರ್ಬೇಕು ಅಷ್ಟೆ,' ಅಂತ ಇಟ್ಟುಬಿಟ್ಟ. ಹೊಸ ಬೀಗರು, ಜಗಳ ಬೇಡ ಅಂತ ದೊಡ್ಡಪ್ಪನೇ ನಡುವೆ ಬಂದು ಎರಡು ವರ್ಷನ್ ಮಾಡಿಸಿದರು. ಅವರ ಮನೆಗೆ ನರಾಚಿ, ನಮ್ಮ ಮನೆಗೆ ವಾಲಗ. ಎರಡು ಸಲ ರೆಂಡರ್ ಮಾಡಿದ್ದಕ್ಕೆ ಎಡಿಟರ್ ಅಣ್ಣ ಬಿಲ್ಲಿನಲ್ಲಿ ಬೇರೆ ಸಾಲು ಹಾಕಿದರು. ಅದರ ದುಡ್ಡು ನಾನೇ ಕೊಡಬೇಕು ಅಂತ ಅಮ್ಮನ ವಾದ ಇನ್ನೂ ನಡೆದಿದೆ.

ನಿನ್ನೆ ಎಡಿಟರ್ ಅಣ್ಣನಿಂದ ವಾಟ್ಸಾಪ್ ಬಂತು. 'ಸಿಸ್ಟರ್, ಪುಷ್ಪಕ ವಿಮಾನ ನೋಡಿದೆ, ಸೂಪರ್. ಒಂದು ನಾಮಕರಣದ ವಿಡಿಯೊ ಇದೆ, ಮಗು ಪೂರ್ತಿ ನಿದ್ದೆ ಮಾಡಿದೆ. ಪಾರ್ಟಿಯವರು ಕಾಂತಾರ ಕೇಳ್ತಿದ್ದಾರೆ. ಏನು ಮಾಡ್ಲಿ?'