ನೋವು ಎಂದರೆ ಬೈಯುತ್ತೀರಾ?

ತಂಗಿಯ ಮಗಳಿಗೆ ಸೋಮವಾರ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಾಯಿತು. ಇಂದು ಗುರುವಾರ. ಈ ನಾಲ್ಕು ದಿನಗಳಲ್ಲಿ ಆಸ್ಪತ್ರೆಯಲ್ಲಿ ಕಂಡದ್ದು ಕೇಳಿದ್ದು ಬಹಳ, ಆದರೆ ನನ್ನನ್ನು ಬಿಡದೆ ಕಾಡುತ್ತಿರುವುದು ಭಾನುವಾರ ಸಂಜೆ ಆ ಹುಡುಗಿ ಕೇಳಿದ ಒಂದು ಪ್ರಶ್ನೆ.

ಅರಿವಳಿಕೆಯ ವೈದ್ಯೆ ಒಳಗೆ ಬಂದವರು ನಮ್ಮ ಕಡೆಗೆ ತಲೆಯಾಡಿಸಿ, ಸ್ಟೂಲನ್ನು ಎಳೆದುಕೊಂಡು ಅವಳ ಹಾಸಿಗೆಯ ಪಕ್ಕದಲ್ಲೇ ಕುಳಿತರು. ಸೊನ್ನೆ ಎಂದರೆ ನೋವೇ ಇಲ್ಲ, ಹತ್ತು ಎಂದರೆ ಇದಕ್ಕಿಂತ ಹೆಚ್ಚಿನ ನೋವಿಲ್ಲ. ಎಚ್ಚರವಾದ ಮೇಲೆ ಆಗಾಗ ಕೇಳುತ್ತೇವೆ, ನೀನು ಒಂದು ಸಂಖ್ಯೆ ಹೇಳಬೇಕು ಎಂದರು. 14 ವರ್ಷದ ಹುಡುಗಿ ಹೊದಿಕೆಯ ಅಂಚನ್ನು ಮಡಿಸುತ್ತಾ ಕೇಳಿದಳು: "ಜಾಸ್ತಿ ನೋವು ಎಂದರೆ ಬೈಯುತ್ತೀರಾ?"

"ಇಲ್ಲ. ನೀನು ಹೇಳಿದ್ದನ್ನು ಹಾಗೆಯೇ ಬರೆದುಕೊಳ್ಳುತ್ತೇನೆ."

ತಂಗಿ ಕಿಟಕಿಯ ಕಡೆ ತಿರುಗಿದಳು. ಆ ಪ್ರಶ್ನೆ ಎಲ್ಲಿಂದ ಬಂತೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಜೂನ್‌ನಿಂದಲೇ ಮಗು ಬೆನ್ನು ನೋವು ಎನ್ನುತ್ತಿತ್ತು. ಮೊಬೈಲ್ ನೋಡಿ ನೋಡಿ ಹೀಗಾಗಿದೆ, ನೆಟ್ಟಗೆ ಕೂರು ಎಂದು ಮನೆಯವರೆಲ್ಲ ಹೇಳಿದೆವು. ಫೋನಿನಲ್ಲಿ ನಾನೂ ಹೇಳಿದ್ದೆ. ಒಂದು ಭುಜ ಮೇಲೇರಿರುವುದನ್ನು ಕೊನೆಗೆ ಕಂಡವರು ಸಮವಸ್ತ್ರ ಹೊಲಿಯುವ ದರ್ಜಿ. ಎಕ್ಸ್‌ರೇಯಲ್ಲಿ ಬಾಗು 56 ಡಿಗ್ರಿ ಇತ್ತು. 45-50 ಡಿಗ್ರಿ ದಾಟಿದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಬೆನ್ನುಮೂಳೆ ಹೀಗೆ ಪಕ್ಕಕ್ಕೆ ಬಾಗುವ, ಹರೆಯದಲ್ಲಿ ಕಾಣಿಸಿಕೊಳ್ಳುವ ಸ್ಕೋಲಿಯೋಸಿಸ್‌ಗೆ ಹೆಚ್ಚಿನ ಮಕ್ಕಳಲ್ಲಿ ಕಾರಣ ತಿಳಿಯುವುದೇ ಇಲ್ಲ. ಶಾಲೆಯ ಚೀಲದಿಂದಲ್ಲ, ಕೂರುವ ಭಂಗಿಯಿಂದಲೂ ಅಲ್ಲ. ಅಷ್ಟು ತಿಂಗಳು ಮಗುವಿಗೆ ನಾವು ಹೇಳಿದ ಬುದ್ಧಿಮಾತಿಗೂ ಅದರ ಬೆನ್ನಿಗೂ ಸಂಬಂಧವೇ ಇರಲಿಲ್ಲ.

ನೋವಿನ ಬಗ್ಗೆ ಆ ವೈದ್ಯೆ ಏನನ್ನೂ ಮುಚ್ಚಿಡಲಿಲ್ಲ. ಬೆನ್ನಿನ ಉದ್ದಕ್ಕೂ ಸ್ನಾಯುಗಳನ್ನು ಬಿಡಿಸಿ, ಮೂಳೆಗಳಿಗೆ ಸ್ಕ್ರೂ ಹಾಕಿ, ಎರಡು ಕಡೆ ಸರಳು ಕೂರಿಸುವ ಕೆಲಸ. ಮಕ್ಕಳಿಗೆ ಮಾಡುವ ಶಸ್ತ್ರಚಿಕಿತ್ಸೆಗಳಲ್ಲಿ ಬಹಳ ನೋಯುವಂಥದ್ದು ಎಂದರು. ಮಾರ್ಫೀನ್ ಇದೆ, ಆದರೆ ಅದೊಂದನ್ನೇ ನಂಬಿದರೆ ವಾಂತಿ, ತುರಿಕೆ, ಮಲಬದ್ಧತೆ, ಕೆಲವೊಮ್ಮೆ ಉಸಿರು ನಿಧಾನವಾಗುವ ಅಪಾಯ. ಆದ್ದರಿಂದ ಮಗು ಪೂರ್ತಿ ನಿದ್ದೆ ಹೋದ ಮೇಲೆ, ಅಲ್ಟ್ರಾಸೌಂಡ್‌ನಲ್ಲಿ ನೋಡಿಕೊಂಡು, ಬೆನ್ನುಮೂಳೆಯ ಇಕ್ಕೆಲದ ಸ್ನಾಯುವಿನ ಅಡಿಗೆ ರೋಪಿವಕೇನ್ ಎಂಬ ಜೋಮು ಹಿಡಿಸುವ ಔಷಧ ಚುಚ್ಚುತ್ತೇವೆ ಎಂದರು. ಆ ಭಾಗದ ಬೆನ್ನಿಗೆ ಹೋಗುವ ನರಗಳು ಕೆಲವು ಗಂಟೆ ಜೋಮು ಹಿಡಿಯುತ್ತವೆ. 2016ರಲ್ಲಿ ಮೊದಲು ವರದಿಯಾದ ವಿಧಾನವಂತೆ.

ಬೆನ್ನುಹುರಿಯ ಹತ್ತಿರವೇ ಕೊಡುವ ಎಪಿಡ್ಯೂರಲ್ ಇನ್ನೂ ಬಲವಾದದ್ದಲ್ಲವೇ ಎಂದು ನಾನು ಕೇಳಿದೆ. ಹೌದು, ಆದರೆ ಅದು ಕಾಲಿನ ಬಲವನ್ನೂ ಮಂಕು ಮಾಡಬಹುದು. ಕಣ್ಣು ಬಿಟ್ಟ ಕೂಡಲೇ ಪಾದ ಅಲ್ಲಾಡಿಸು ಎಂದು ಶಸ್ತ್ರವೈದ್ಯರು ಕೇಳುತ್ತಾರೆ. ಅಲ್ಲಾಡದಿದ್ದರೆ ಅದು ಔಷಧದಿಂದಲೋ ಬೆನ್ನುಹುರಿಗೆ ಪೆಟ್ಟಾಗಿದೆಯೋ ಎಂದು ಆ ಗಳಿಗೆಯಲ್ಲಿ ಹೇಗೆ ತಿಳಿಯುವುದು? ನೋವನ್ನು ಮುಚ್ಚಬೇಕು, ಎಚ್ಚರಿಕೆಯ ಸೂಚನೆಯನ್ನು ಮುಚ್ಚಬಾರದು. ಆ ಉತ್ತರ ಕೇಳಿದ ಮೇಲೆ ನನಗೆ ಅವರ ಮೇಲೆ ಪೂರ್ತಿ ಭರವಸೆ ಬಂತು.

ನೋಡಲು ಬಂದಿದ್ದ ನಮ್ಮ ಸೋದರಮಾವ ಮಾತ್ರ, "ಹೆಣ್ಣು ಮಗು, ಸ್ವಲ್ಪ ತಡೆದುಕೊಳ್ಳುವುದನ್ನೂ ಕಲಿಯಲಿ" ಎಂದರು. ಅವರು ಕೆಟ್ಟವರಲ್ಲ. ಶಸ್ತ್ರಚಿಕಿತ್ಸೆಗೆ ಕೇಳದೆಯೇ ಹಣ ತಂದವರು. ಆದರೆ ಆ ಮಾತನ್ನು ನಾನು ಕ್ಷಮಿಸಲಾರೆ.

ಸೋಮವಾರ ರಾತ್ರಿ ತೀವ್ರ ನಿಗಾ ಘಟಕದಲ್ಲಿ ಒಬ್ಬರಿಗೆ ಕೂರಲು ಬಿಟ್ಟರು. ನಾನು ಕುಳಿತೆ. ಸಂಜೆ ಎರಡೂ ಪಾದ ಅಲ್ಲಾಡಿದ್ದವು. ಸಂಖ್ಯೆ ಕೇಳಿದಾಗ "ಮೂರು" ಎಂದಿದ್ದಳು. ರಾತ್ರಿ ಹನ್ನೊಂದರ ಹೊತ್ತಿಗೆ ಜೋಮು ಇಳಿಯತೊಡಗಿತು. ಮುಷ್ಟಿ ಬಿಗಿಯಾಗಿತ್ತು, ತುಟಿ ಒಣಗಿತ್ತು. ನರ್ಸ್ ಕೇಳಿದರೆ ಮತ್ತೆ "ಮೂರು". ನರ್ಸ್ ಬರೆದುಕೊಳ್ಳಲಿಲ್ಲ. ಆ ಮುಷ್ಟಿಯ ಮೇಲೆ ತಮ್ಮ ಕೈಯಿಟ್ಟು, "ನಿಜವಾಗಿ ಎಷ್ಟು?" ಎಂದರು. ಅವಳು ನನ್ನ ಮುಖ ನೋಡಿದಳು. ನರ್ಸನ್ನಲ್ಲ, ನನ್ನನ್ನು. ಆಮೇಲೆ "ಏಳು" ಎಂದಳು. ಮಾರ್ಫೀನ್ ಪಂಪಿನ ಗುಂಡಿ ಅವಳ ಕೈಯಲ್ಲೇ ಇತ್ತು. ಅದನ್ನು ಅದುಮಲು ಅವಳಿಗೆ ನನ್ನ ಅನುಮತಿ ಬೇಕಾಗಿತ್ತು.

ಮೂರು ದಿನಗಳಿಂದ ಆ ನೋಟವೇ ಕಣ್ಣಮುಂದೆ ಬರುತ್ತಿದೆ. ಸೂಜಿಯ ತುದಿ ಎಲ್ಲಿದೆಯೆಂದು ಪರದೆಯ ಮೇಲೆ ನೋಡುತ್ತಾ ನರಗಳನ್ನು ಜೋಮು ಹಿಡಿಸುವಷ್ಟು ವಿದ್ಯೆ ಬಂದಿದೆ. ಆದರೆ ನೋಯುತ್ತಿದೆ ಎಂದು ಹೇಳಲು ಮಗು ದೊಡ್ಡವರ ಮುಖ ನೋಡುತ್ತದೆ. ವೈದ್ಯರೂ ಒಂದು ಕಾಲದಲ್ಲಿ ಮಕ್ಕಳನ್ನು ನಂಬಿರಲಿಲ್ಲ. ನವಜಾತ ಶಿಶುಗಳಿಗೆ ನೋವು ಅಷ್ಟಾಗಿ ತಿಳಿಯದು ಎಂಬ ನಂಬಿಕೆಯಲ್ಲಿ, 1980ರ ದಶಕದವರೆಗೂ ಎಷ್ಟೋ ಕೂಸುಗಳಿಗೆ ಸ್ನಾಯು ಸಡಿಲಿಸುವ ಔಷಧ ಮತ್ತು ಅತಿ ಹಗುರ ಅರಿವಳಿಕೆಯಷ್ಟೇ ಸಿಗುತ್ತಿತ್ತು. 1987ರಲ್ಲಿ ವೈದ್ಯ ಕನ್ವಲ್‌ಜೀತ್ ಆನಂದ್ ಮತ್ತು ಸಂಗಡಿಗರು 'ದಿ ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ತೋರಿಸಿಕೊಟ್ಟರು: ಹೃದಯದ ಬಳಿಯ ರಕ್ತನಾಳದ ಶಸ್ತ್ರಚಿಕಿತ್ಸೆಗೆ ಒಳಗಾದ ಅವಧಿಗೆ ಮುಂಚೆ ಹುಟ್ಟಿದ ಶಿಶುಗಳಲ್ಲಿ, ಫೆಂಟಾನಿಲ್ ಎಂಬ ಬಲವಾದ ನೋವುನಿವಾರಕ ಕೊಟ್ಟವಕ್ಕೆ ದೇಹದ ಒತ್ತಡವೂ ಕಡಿಮೆ, ನಂತರದ ತೊಂದರೆಗಳೂ ಕಡಿಮೆ. ಬಾಯಿ ಬಾರದ ಕೂಸುಗಳ ಪರವಾಗಿ ಅವುಗಳ ರಕ್ತದ ಹಾರ್ಮೋನುಗಳು ಸಾಕ್ಷಿ ಹೇಳಬೇಕಾಯಿತು. ನಮ್ಮ ಹುಡುಗಿಗೆ ಬಾಯಿ ಇತ್ತು. ಜೂನ್‌ನಿಂದ ಹೇಳುತ್ತಲೇ ಇದ್ದಳು.

ನಿನ್ನೆ ಅವಳನ್ನು ಹಿಡಿದು ನಿಲ್ಲಿಸಿದರು. ನಾಲ್ಕು ಹೆಜ್ಜೆ ನಡೆದು, ಯಾರೂ ಕೇಳುವ ಮೊದಲೇ "ಎಂಟು" ಎಂದಳು. ಕೂರಿಸಿ ಔಷಧ ಕೊಟ್ಟರು. ತಂಗಿ ಹೊರಗೆ ಬಂದು ಗೋಡೆಗೆ ಒರಗಿ ನಿಂತಳು.

"ಅಕ್ಕ, ಅವಳು ಮೊದಲ ಸಲ ಹೇಳಿದ ದಿನ ನಾನು ಮೊಬೈಲ್ ಕಿತ್ತುಕೊಂಡೆ. ಅವಳು ಅಳಲೂ ಇಲ್ಲ."

ನಾನು ಅವಳ ಕೈ ಹಿಡಿದುಕೊಂಡೆ. ಒಳಗಿನಿಂದ ಮಗು ನೀರು ಕೇಳಿತು. ಇಬ್ಬರೂ ಹೋದೆವು.