ಕೋಡಿಯ ನೀರು ಎಷ್ಟು ಗಂಟೆಯದು?

ಪರಿಸರ ವಿಜ್ಞಾನದ ಎಂ.ಎಸ್ಸಿ. ಕೊನೆಯ ವರ್ಷಕ್ಕೆ ಬೆಂಗಳೂರಿನ ಯಾವುದಾದರೊಂದು ಕೆರೆಯನ್ನೇ ಪ್ರಾಜೆಕ್ಟಿಗೆ ಆರಿಸಿಕೊಳ್ಳುವವರು ಬಹಳ. ಬೆಳ್ಳಂದೂರಿನ ನೊರೆ ನೋಡುತ್ತ ಬೆಳೆದವರಿಗೆ ಅದು ಸಹಜವೇ. ರಾಜಕಾಲುವೆ ಬಂದು ಸೇರುವ ಬಾಯಿ, ಏರಿಯ ನಡುವಿನ ತೂಬು, ಆಚೆ ತುದಿಯ ಕೋಡಿ: ಮೂರು ಜಾಗ, ಒಂದೊಂದು ಕಡೆ ಎರಡೆರಡು ಬಾಟಲಿ. ಅಳೆಯಬೇಕಾದದ್ದು ನೀರಿನಲ್ಲಿ ಕರಗಿದ ಆಮ್ಲಜನಕ.

ಮೊದಲು ವಾರ ನೋಡಿಕೊಳ್ಳಬೇಕು. ಭಾರತೀಯ ಮಾನಕದ ವಿಧಾನದಲ್ಲಿ ಬಿ.ಒ.ಡಿ. (ನೀರಿನ ಕೊಳೆಯನ್ನು ಒಡೆಯಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕ) ಬಾಟಲಿಯನ್ನು 27 ಡಿಗ್ರಿಯಲ್ಲಿ 3 ದಿನ ಕತ್ತಲಲ್ಲಿಡುತ್ತಾರೆ. ಗುರುವಾರ ತುಂಬಿದ್ದನ್ನು ತೆರೆಯಬೇಕಾದದ್ದು ಭಾನುವಾರ, ಅಂದು ಲ್ಯಾಬಿಗೆ ಬೀಗ. ಸೋಮವಾರ, ಮಂಗಳವಾರ ವಾಸಿ. ಕೊನೆಗೆ ಆಮ್ಲಜನಕ ಅಳೆಯುವುದು ಸೋಡಿಯಂ ಥಯೋಸಲ್ಫೇಟಿನಿಂದ; ಹಿಂದಿನ ದಿನವೇ ಅದನ್ನು ಹೊಸದಾಗಿ ಕರಗಿಸಿಕೊಳ್ಳಿ, ಲೀಟರಿಗೆ 6.205 ಗ್ರಾಂ ಹರಳು ಹಾಕಿದರೆ 0.025 ನಾರ್ಮಲ್ ಸಾಂದ್ರತೆಯ ದ್ರಾವಣ. ಅದನ್ನು ಡೈಕ್ರೋಮೇಟ್‌ನೊಂದಿಗೆ ತಾಳೆ ನೋಡದೆ ಬಿಟ್ಟರೆ ಆಮೇಲಿನ ಪ್ರತಿ ಅಂಕಿಯೂ ಅದೇ ತಪ್ಪನ್ನು ಹೊತ್ತುಕೊಂಡು ಬರುತ್ತದೆ.

ಏರಿಯ ಮೇಲೆ ಅವಸರ ಬೇಡವೇ ಬೇಡ. ಬಕೆಟ್ಟಿನಲ್ಲಿ ಎತ್ತಿ ಸುರಿದರೆ ಗಾಳಿ ಬೆರೆತು ಸತ್ತ ನೀರಿಗೂ ಆಮ್ಲಜನಕ ಬರುತ್ತದೆ. 300 ಮಿ.ಲೀ. ಬಾಟಲಿಯ ತಳದವರೆಗೆ ಕೊಳವೆ ಇಳಿಸಿ, ಎರಡು ಮೂರು ಬಾಟಲಿಯಷ್ಟು ನೀರು ಉಕ್ಕಿ ಹರಿದುಹೋಗಲು ಬಿಡಿ. ಮುಚ್ಚಳ ಹಾಕಿ ಓರೆ ಹಿಡಿದಾಗ ಸಾಸಿವೆಯಷ್ಟು ಗುಳ್ಳೆ ಕಂಡರೂ ಚೆಲ್ಲಿ ಮತ್ತೆ ತುಂಬಿ. ಪಿಪೆಟ್ಟಿನ ತುದಿ ನೀರಿನೊಳಗೇ ಇರುವಂತೆ 2 ಮಿ.ಲೀ. ಮ್ಯಾಂಗನೀಸ್ ಸಲ್ಫೇಟ್, ಆಮೇಲೆ 2 ಮಿ.ಲೀ. ಆಲ್ಕಲಿ ಅಯೊಡೈಡ್ ಅಝೈಡ್. ಮುಚ್ಚಿ, ತಲೆಕೆಳಗು ಮಾಡಿ ಮಾಡಿ ಬೆರೆಸಿದರೆ ಕಂದು ಮೋಡ ಎದ್ದು ನಿಧಾನವಾಗಿ ಕೂರುತ್ತದೆ. ಕೂತದ್ದು ಹಾಲಿನಂತೆ ಬೆಳ್ಳಗಿದ್ದರೆ ಆ ನೀರಿನಲ್ಲಿ ಆಮ್ಲಜನಕವೇ ಇಲ್ಲ. ಕಾಲುವೆಯ ಬಾಯಲ್ಲಿ ಹಾಗೆ ಕಂಡರೆ ಹೆದರಬೇಡಿ, ಬರೆದುಕೊಳ್ಳಿ. ಪೆನ್ಸಿಲಿನಲ್ಲಿ, ಶಾಯಿ ಒದ್ದೆಯಾದರೆ ಹರಡುತ್ತದೆ. ಈ ರಾಸಾಯನಿಕ ಹಾಕುವ ಕೆಲಸವನ್ನು ಲ್ಯಾಬಿಗೆ ಮುಂದೂಡುವ ಹಾಗಿಲ್ಲ. ಪಾಚಿಯೂ ಬ್ಯಾಕ್ಟೀರಿಯಾವೂ ಬಾಟಲಿಯೊಳಗೂ ಉಸಿರಾಡುತ್ತಲೇ ಇರುತ್ತವೆ.

ಲ್ಯಾಬಿನಲ್ಲಿ 2 ಮಿ.ಲೀ. ಸಲ್ಫ್ಯೂರಿಕ್ ಆಮ್ಲ ಹಾಕಿದ ಮೇಲೆ ಮಡ್ಡಿ ಕರಗಿ ಅಯೊಡಿನ್ನಿನ ಜೇನುಬಣ್ಣ ಬರುತ್ತದೆ. ಅದರಲ್ಲಿ 203 ಮಿ.ಲೀ. ಅಳೆದುಕೊಳ್ಳಬೇಕು; ಮೊದಲು ಹಾಕಿದ 4 ಮಿ.ಲೀ. ರಾಸಾಯನಿಕ ಹೊರದೂಡಿದ ನೀರಿನ ಲೆಕ್ಕ ಸೇರಿಸಿದರೆ ಅದು 200 ಮಿ.ಲೀ. ಕೆರೆನೀರಿಗೆ ಸಮ. ಆಗ ಬಣ್ಣ ಹೋಗುವವರೆಗೆ ಬ್ಯುರೆಟ್ಟಿನಿಂದ ಇಳಿದ ಥಯೋಸಲ್ಫೇಟಿನ ಒಂದೊಂದು ಮಿ.ಲೀ.ಯೂ ಲೀಟರಿಗೆ 1 ಮಿ.ಗ್ರಾಂ ಆಮ್ಲಜನಕ. ಬಣ್ಣ ಒಣಹುಲ್ಲಿನಷ್ಟು ತಿಳಿಯಾಗುವವರೆಗೆ ಸ್ಟಾರ್ಚ್ ಹಾಕಬೇಡಿ. ಬೇಗ ಹಾಕಿದರೆ ಅದು ಅಯೊಡಿನನ್ನು ಹಿಡಿದಿಟ್ಟುಕೊಂಡು ನೀಲಿ ಹೋಗಲು ಸತಾಯಿಸುತ್ತದೆ. ಮೊದಲ ಸಲ ನೀಲಿ ಮಾಯವಾದದ್ದೇ ಕೊನೆ, ಮತ್ತೆ ಬಂದದ್ದನ್ನು ಲೆಕ್ಕಕ್ಕೆ ಹಿಡಿಯಬಾರದು.

ಇಷ್ಟೆಲ್ಲ ಸರಿಯಾಗಿ ಮಾಡಿಯೂ ಪ್ರಾಜೆಕ್ಟು ಕೆಡುವುದು ಬೇರೆ ಕಡೆ. ಬೆಳಿಗ್ಗೆ 7ಕ್ಕೆ ಕಾಲುವೆಯ ಬಾಯಿ, ತಿಂಡಿ ಮುಗಿಸಿ ತೂಬು, ಮಧ್ಯಾಹ್ನ 1ಕ್ಕೆ ಕೋಡಿ. ಆಮ್ಲಜನಕದ ಅಂಕಿಗಳು ಚೆಂದವಾಗಿ ಏರುತ್ತವೆ. ‘ಕೆರೆಯೇ ನೀರನ್ನು ಶುದ್ಧ ಮಾಡಿದೆ’ ಎಂದು ಬರೆದ ಅಧ್ಯಾಯವನ್ನು ಗೈಡ್ ಮುಂದಿಟ್ಟರೆ ಅವರ ಮೊದಲ ಪ್ರಶ್ನೆ, ‘ಕೋಡಿಯ ನೀರು ಎಷ್ಟು ಗಂಟೆಯದು?’

ಹಸಿರುಗಟ್ಟಿದ ಕೆರೆಯಲ್ಲಿ ಪಾಚಿ ಬಿಸಿಲಿದ್ದಷ್ಟು ಹೊತ್ತೂ ಆಮ್ಲಜನಕ ಬಿಡುತ್ತದೆ, ರಾತ್ರಿಯಿಡೀ ಅದನ್ನೇ ಉಸಿರಾಡಿ ಖಾಲಿಮಾಡುತ್ತದೆ. ಬೆಂಗಳೂರಿನ ಎತ್ತರದಲ್ಲಿ, 25 ಡಿಗ್ರಿಯಲ್ಲಿ, ಗಾಳಿಯೊಂದರಿಂದಲೇ ನೀರು ಹೀರಬಲ್ಲದ್ದು ಲೀಟರಿಗೆ ಏಳೂವರೆ ಮಿ.ಗ್ರಾಂ ಆಸುಪಾಸು. ಮಧ್ಯಾಹ್ನದ ಅಂಕಿ ಅದನ್ನೂ ದಾಟಿದ್ದರೆ ಹೆಚ್ಚಿನದು ಪಾಚಿಯ ಪಾಲು, ಶುದ್ಧತೆಯ ಗುರುತಲ್ಲ. ಮೀನಿಗೆ ಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳುವ 4 ಮಿ.ಗ್ರಾಂ ನಸುಕಿನಲ್ಲಿ ಇದೆಯೇ ಎಂಬುದನ್ನೇ ನೋಡಬೇಕು, ಮೀನು ಸಾಯುವುದು ಆ ಹೊತ್ತಿಗೆ.

ಜೊತೆಗಾರರಿದ್ದರೆ ಮೂವರೂ ಮೂರು ಕಡೆ ಒಂದೇ ಗಳಿಗೆಗೆ ತುಂಬಿಸಿ. ಒಬ್ಬರೇ ಇದ್ದರೆ ಮುಂದಿನ ಸಲ ಬೆಳಿಗ್ಗೆ 7ಕ್ಕೆ ಕೋಡಿಯಿಂದ ಹೊರಟು ಕಾಲುವೆಯ ಬಾಯಿಗೆ ಮಧ್ಯಾಹ್ನ ಮುಟ್ಟಿ. ಆಗಲೂ ಕೋಡಿಯ ಅಂಕಿಯೇ ಮೇಲಿದ್ದರೆ ಆ ಅಧ್ಯಾಯ ಉಳಿಯುತ್ತದೆ.